ನಾಲ್ಕು ಬೆರಳು

ಹಗರಿಗೆ ನೀರು ವರ್ಷದಲ್ಲಿ ಹದಿನೈದು ದಿನ,
ಉಳಿದದ್ದೆಲ್ಲ ಮರಳು.
ಆ ಮರಳಿಗೆ ಹೊಟ್ಟೆ ಹಚ್ಚಿ ಕೂತಿತೆಂದರೆ ನನ್ನ ಪಿಕಪ್ಪು,
ಎಮ್ಮೆ ಕೆಸರಿಗೆ ಕೂತ ಹಾಗೆ,
ಏಳುವ ಮನಸ್ಸೇ ಇಲ್ಲ ಅದಕ್ಕೆ.

ಬೆನ್ನ ಮೇಲೆ ಏಳು ಹಂಡೆ, ಹದಿನಾಲ್ಕು ಕೊಳಗ,
ಮುನ್ನೂರು ತಾಟು, ಒಂದು ಚೀಲ ಲೋಟ.
ಆಚೆ ದಂಡೆಯಲ್ಲಿ ಒಲೆ ಹೊತ್ತಿಸಿ ಕಾಯುವ ಮದುವೆ,
ಈಚೆ ನಾನು ಗಾಲಿಯ ಕೆಳಗೆ ನೆಲ್ಲುಹುಲ್ಲು ತುರುಕುತ್ತ.
"ನಾಲ್ಕೂ ಗಾಲಿ ಎಳೆಯೋ ಗಾಡಿ ತಗೋಬೇಕಿತ್ತು"
ಎಂದ ಮದುಮಗನ ಸೋದರಮಾವ,
ಚಪ್ಪಲಿ ಕೈಯಲ್ಲಿ ಹಿಡಿದು.
ನನ್ನದರಲ್ಲಿ ಹಿಂದಿನೆರಡು ದುಡಿಯುತ್ತವೆ,
ಮುಂದಿನೆರಡು ದಾರಿ ತೋರಿಸುತ್ತವೆ.
ನಮ್ಮ ಮನೆಯಲ್ಲೂ ಹೀಗೇ.

ಆದೋನಿ ರಸ್ತೆಯ ಲಾಲುಸಾಬ
ಟಾರ್ಚು ಬಾಯಲ್ಲಿ ಕಚ್ಚಿ ಗಾಡಿಯಡಿ ಮಲಗಿದವನು
ಬಹಳ ಹೊತ್ತು ಉಸಿರೆತ್ತಲಿಲ್ಲ.
ಎದ್ದು ಕೇಳಿದ: "ಎಷ್ಟೈತಿ?"
"ಎಂಟು ಸಾವಿರ."
"ನಾಲ್ಕು ಬೆರಳು ಎತ್ತತೀನಿ. ಐದನೇ ಬೆರಳು ಆಸೆ ಬ್ಯಾಡ ಗಾದಿಲಿಂಗ,
ಜಾಯಿಂಟು ಬಡಕೊಂತೈತಿ,
ತಿರುವಿನ್ಯಾಗ ಕುಡುದೋನಂಗ ತೂಗ್ತೈತಿ."

ನಾನು ಆಗಲೇ ಒಂದು ಜಾಣತನ ಮಾಡಿಯಾಗಿತ್ತು:
ಗುಜರಿಯಲ್ಲಿ ಆರುನೂರು ಕೊಟ್ಟು
ಸಂಡೂರಿನ ಅದಿರು ಲಾರಿಯ ಕಮಾನು ಪಟ್ಟಿಯೊಂದನ್ನು
ಹೆಗಲ ಮೇಲೆ ಹೊತ್ತು ತಂದಿದ್ದೆ.
ಸಂದಿನಲ್ಲಿ ಕೆಂಪು ಧೂಳು ಇನ್ನೂ ಹಾಗೇ ಇತ್ತು.
ಲಾಲುಸಾಬ ಅದನ್ನು ನೋಡಿದ, ನನ್ನನ್ನು ನೋಡಿದ.
"ಆನಿ ಎಲುಬು ಮೇಕಿಗೆ ಕೂರ್ತೈತೇನಪಾ?"

ಎರಡು ದಿನ ಸುತ್ತಿಗೆ.
ಸೋತು ಚಪ್ಪಟೆಯಾದ ಪಟ್ಟಿಗಳನ್ನು ಬಿಚ್ಚಿ,
ಒಂದೊಂದನ್ನೂ ಬಡಿದು ಮತ್ತೆ ಬಿಲ್ಲಾಗಿಸಿ,
ನಡುವೆ ಹಳೆಯದೊಂದು ಸೇರಿಸಿ,
ಲೇತಿನಲ್ಲಿ ಕೊರೆಸಿದ ಕಬ್ಬಿಣದ ಗಟ್ಟಿ,
ಉದ್ದನೆಯ ಯು ಬೋಲ್ಟು, ಉದ್ದನೆಯ ಬ್ರೇಕ್ ಪೈಪು
("ಇದರಾಗ ಮಾತ್ರ ಚೌಕಾಸಿ ಮಾಡಬ್ಯಾಡ"),
ಒಂದು ನಂಬರು ದೊಡ್ಡ ಟೈರು, ಯಾರದೋ ಕಾಲಿನಲ್ಲಿ ಅರ್ಧ ಸವೆದದ್ದು.
ಎಂಟು ಸಾವಿರದ ನಾನೂರು.
ನಾನೂರು ಉದ್ರಿ.

ದುಡ್ಡು ಎಣಿಸುತ್ತ ಹೇಳಿದ:
"ಮೈ ಏರೈತಿ. ಡಿಫ್ರೆನ್ಸು ಏರಿಲ್ಲ.
ಗಾಲಿ ಎಷ್ಟು ಎತ್ತರೋ ಅದು ಅಷ್ಟ.
ನೆಪ್ಪಿಟ್ಟು ಓಡಿಸು."

ಮರುದಿನ ನಸುಕು ನಾಲ್ಕಕ್ಕೆ ಬಂದಳು ಹುಲಿಗೆಮ್ಮ,
ಹನ್ನೊಂದು ವರ್ಷದಿಂದ ನನ್ನ ಪಾತ್ರೆ ಬೆಳಗುವವಳು,
ಹಂಡೆಯೊಳಗಿಳಿದರೆ ಸೆರಗಷ್ಟೇ ಕಾಣುವಷ್ಟು ಗಿಡ್ಡ.
ಬಾಗಿಲು ಹಿಡಿದಳು, ಕಾಲೆತ್ತಿದಳು.
ಕತ್ತಲಲ್ಲಿ ಆ ಕಾಲು ಎಂದಿನ ಜಾಗ ಹುಡುಕಿ
ಗಾಳಿಯನ್ನು ಮೆಟ್ಟಿತು.
"ನಿನ ಗಾಡಿ ದೊಡ್ಡ ಮನಷ್ಯಾ ಆತು ಬಿಡು" ಎಂದಳು.
ಕೊಳಗವೊಂದನ್ನು ಬೋರಲು ಹಾಕಿ ಹತ್ತಿ ಕೂತಳು.
ಹೊರಟೆವು.
ಮದುವೆ ಮನೆಯಲ್ಲಿ ಎಣಿಸಿದರೆ ಹದಿಮೂರೇ ಕೊಳಗ.

ಬೀದಿಯಲ್ಲೇ ಬೋರಲಾಗಿ ಉಳಿದಿದ್ದ ಅದನ್ನು
ಯಾರು ಒಯ್ದರೋ ಏನೋ,
ಒಂದು ಸಾವಿರದ ಎಂಟುನೂರು, ಹಿತ್ತಾಳೆ.
ಹೀಗೆ ನಾಲ್ಕು ಬೆರಳಿನ ಲೆಕ್ಕ ಹತ್ತು ಸಾವಿರ ದಾಟಿತು.

ಆ ವಾರ ಲಾರಿಯ ಪಟ್ಟಿಗೆ ಕೆಲಸ ಸಿಕ್ಕಿತು.
ಕಮಾನಿಗೆ ವೆಲ್ಡಿಂಗು ನಿಲ್ಲುವುದಿಲ್ಲವಂತೆ;
ಅದನ್ನು ಗ್ಯಾಸಿನಲ್ಲಿ ತುಂಡು ಮಾಡಿ,
ನನ್ನ ಹಳೆ ಯು ಬೋಲ್ಟಿನಿಂದಲೇ
ಅವಳ ಬಾಗಿಲ ಕೆಳಗೆ ಬಿಗಿದೆವು.
ಗುಡ್ಡ ಹೊತ್ತ ಉಕ್ಕು.
ಹುಲಿಗೆಮ್ಮ ಹತ್ತಿದರೆ ಮಿಸುಕುವುದೂ ಇಲ್ಲ.

ಹಗರಿಗೆ ಇಳಿದೆವು, ಟೈರಿನ ಗಾಳಿ ಸ್ವಲ್ಪ ಬಿಟ್ಟು.
ಮೊದಲು ಸಿಕ್ಕಿಬಿದ್ದಿದ್ದ ಗುಂಡಿ ಹಾಗೇ ಸರಿದು ಹೋಯಿತು.
ನಟ್ಟನಡುವೆ, ದಿಬ್ಬದ ಮೇಲೆ,
ಗರಗರ ಎಂದಿತು ಕೆಳಗೆ:
ಏರದೆ ಉಳಿದದ್ದು, ಲಾಲುಸಾಬ ಹೇಳಿದ್ದು.
ಹುಲಿಗೆಮ್ಮ ಫಕ್ಕನೆ
ಎರಡೂ ಕಾಲು ಸೀಟಿನ ಮೇಲೆತ್ತಿಕೊಂಡಳು,
ತಾನು ಹಗುರಾದರೆ ಗಾಡಿ ಎದ್ದೀತೆಂಬಂತೆ.

ನನ್ನದು ಆಕ್ಸಿಲರೇಟರಿನ ಮೇಲಿತ್ತು.
ಇಲ್ಲದಿದ್ದರೆ ನಾನೂ ಎತ್ತುತ್ತಿದ್ದೆ.