ಹದಿನೇಳನೇ ನಳಿಗೆ

ನ್ಯಾರೋಜಿನ್‌ನಲ್ಲಿ ಜೂನ್ ಅಂದರೆ ಚಳಿ.
ಬೇಲಿಯ ತಂತಿ ಮುಟ್ಟಿದರೆ ಬೆರಳು ಅಲ್ಲೇ ಉಳಿದೀತು.
ಗ್ವೆನ್ ಟ್ರೆಲೋರ್ ಮಗನ ಹಳೇ ಫುಟ್‌ಬಾಲ್ ಕಾಲ್ಚೀಲದ
ತುದಿ ಕತ್ತರಿಸಿ ಎಮುವಿನ ತಲೆಗೆ ಎಳೆಯುತ್ತಾಳೆ.
ರಾತ್ರಿಯಾಯಿತೆಂದು ಅದು ನಂಬಿಬಿಡುತ್ತದೆ,
ಒದೆಯುವುದನ್ನು ಮರೆಯುತ್ತದೆ.
ಕೊರಳ ಬಲಕ್ಕೆ ಹೆಬ್ಬೆರಳೊತ್ತಿ ಕಾಯುತ್ತೇನೆ.
ನರ ಏಳುತ್ತದೆ, ನೆನೆದ ಹುರಿಯ ಹಾಗೆ.
ಮೂರು ಮಿಲಿ ಸಾಕು. ಹಸಿರು ಮುಚ್ಚಳ.

ಗಂಡು ಯಾವುದು, ಹೆಣ್ಣು ಯಾವುದು, ನೋಡಿ ಹೇಳಲಾಗದು.
ಅದೇ ಒಣಹುಲ್ಲಿನ ಮೈ, ಅದೇ ಬೆರಗಿನ ಕಣ್ಣು.
ಕಿವಿಗೊಡಬೇಕು: ಗಂಡಾದರೆ ಗೊಣಗುತ್ತದೆ,
ಹೆಣ್ಣಾದರೆ ಎದೆಯೊಳಗೆ ನಗಾರಿ.
ನಗಾರಿ ಬಾರಿಸದ್ದನ್ನೆಲ್ಲ ಗ್ವೆನ್
ಗಂಡು ಅಂತಲೇ ಬರೆದಿಟ್ಟಿದ್ದಾಳೆ.
ಸರಿಯೇ ಅಂದರೆ, ನಮ್ಮನೇಲೂ ಹಾಗೇ, ಅನ್ನುತ್ತಾಳೆ.

ಯೂಟಿನ ಹಿಂಬದಿ ಹಲಗೆಯ ಮೇಲೆ
ಬ್ಯಾಟರಿಗೆ ಸಿಕ್ಕಿಸಿದ ಗಿರಗಿರ ಯಂತ್ರ.
ಹತ್ತು ನಿಮಿಷ. ಅಷ್ಟರಲ್ಲಿ ಒಂದು ಲೋಟ ಚಹಾ.
ಕೆಂಪು ಕೆಳಗಿಳಿದ ಮೇಲೆ
ಗಂಡುಗಳ ನಳಿಗೆಯಲ್ಲಿ ನಿಂತದ್ದು ತಿಳಿ, ಕರಗಿದ ತುಪ್ಪದಷ್ಟು ತಿಳಿ.
ಹೆಣ್ಣುಗಳದ್ದು ಅಕ್ಕಿ ತೊಳೆದ ನೀರು.
ಮೊಟ್ಟೆಗೆಂದು ಹೊರಟ ಜಿಡ್ಡು ಅದು, ದಾರಿಯಲ್ಲಿದೆ.
ಸುಣ್ಣವೂ ಇದೆ, ಕಣ್ಣಿಗೆ ಕಾಣದಂತೆ,
ಇನ್ನೂ ಚಿಪ್ಪಾಗದ ಚಿಪ್ಪು.

ನನ್ನ ಕೈಪಿಡಿಯಲ್ಲಿ ಎಮುವಿಗೆ ಒಂದೇ ಸಾಲು.
ಆ ಸಾಲು ಹಿಡಿದರೆ ಈ ಹೆಣ್ಣುಗಳೆಲ್ಲ ರೋಗಿಗಳು.
ಮನುಷ್ಯರಿಗಾದರೆ ಎರಡು ಸಾಲಿದೆ:
ಗಂಡಸರಿಗೆ ಹದಿಮೂರು, ಹೆಂಗಸರಿಗೆ ಹನ್ನೆರಡು.
ನನ್ನದು ಒಂಬತ್ತೂವರೆ ಬಂದ ವರ್ಷ
ಹೆಂಗಸರಿಗೆ ಅಷ್ಟೇ ಇರೋದು ಅಂದರು ಡಾಕ್ಟರು.
ನುಗ್ಗೆಸೊಪ್ಪು ತಿನ್ನು ಅಂದರು ಅತ್ತೆ,
ಎಲ್ಲರಿಗೂ ಬಡಿಸಿ ಮಿಕ್ಕರೆ.

ಆರನೆಯದನ್ನು ಎಬ್ಬಿಸಲಿಲ್ಲ.
ಒಂಬತ್ತು ಹಸಿರು ಮೊಟ್ಟೆಗಳ ಮೇಲೆ ನಲವತ್ತೊಂದು ದಿನದಿಂದ
ಕಾಳು ಮುಟ್ಟದೆ, ನೀರಿಗೂ ಏಳದೆ ಕೂತಿದ್ದಾನೆ,
ಅಪ್ಪನೋ ಬಾಣಂತಿಯೋ.
ಪಥ್ಯಕ್ಕೆ ಬೆಳ್ಳುಳ್ಳಿ ಹುರಿದು ಕೊಡುವವರಿಲ್ಲ.
ಹೆತ್ತವಳು ಬೇಲಿಯಾಚೆ ಇನ್ನೊಬ್ಬನ ಜೊತೆ ಮೇಯುತ್ತಿದ್ದಾಳೆ.
ನನಗೆ ಅವನ ನೆತ್ತರೇ ಬೇಕಿತ್ತು, ನಿಜ ಹೇಳಬೇಕೆಂದರೆ.
ಗ್ವೆನ್ ತಲೆಯಾಡಿಸಿದಳು. ಅವನ ಸಾಲು ಖಾಲಿ ಬಿಟ್ಟೆ.

ಹದಿನೇಳು. ಪಟ್ಟಿಯಲ್ಲಿ ಗಂಡು, ಹೆಸರು ಬಾರ್ನಬಿ.
ನಳಿಗೆಯಲ್ಲಿ ಅಕ್ಕಿ ತೊಳೆದ ನೀರು.
ಚೀಟಿ ನೋಡಿದೆ. ಮತ್ತೆ ತಿರುಗಿಸಿದೆ.
ಬೆಳಕಿಗೆ ಹಿಡಿದು ಗ್ವೆನ್‌ಗೆ ತೋರಿಸಿದೆ.
ಮೂರು ವರ್ಷ, ಅಂದಳು, ಮೂರು ವರ್ಷ
ಹುಡುಗರ ದೊಡ್ಡಿಯಲ್ಲಿ ಬಿಟ್ಟಿದ್ದೆನಲ್ಲ.
ಚಹಾ ತಣ್ಣಗಾಯಿತು.

ಹನ್ನೊಂದನೇ ದಿನ ಫೋನಿಗೆ ಒಂದು ಚಿತ್ರ ಬಂತು:
ಮಣ್ಣಲ್ಲಿ ಕಡುಹಸಿರು ಮೊಟ್ಟೆ,
ಅಳತೆಗೆಂದು ಪಕ್ಕದಲ್ಲಿ ಒಂದು ಸ್ಪ್ಯಾನರ್.
ಹೆಸರು ಬದಲಿಸುವುದಿಲ್ಲವಂತೆ.
ನಗಾರಿ? ಎಂದು ಕೇಳಿದೆ.
ಇಲ್ಲ, ಈಗಲೂ ಇಲ್ಲ.
ಬಾಗಿಲ ಹತ್ತಿರ ನಿಲ್ಲುತ್ತಾಳೆ, ಅಷ್ಟೆ.