ಶುಕ್ರವಾರದ ಸಂಡೇ ಸ್ಕೂಲು

ಅಹ್ಮದಿಯಲ್ಲಿ ನಮ್ಮ ಭಾನುವಾರ ಶುಕ್ರವಾರವೇ ಬರುತ್ತದೆ.
ಎ.ಸಿ. ತೊಟ್ಟಿಕ್ಕುವ ಬಾಡಿಗೆ ಕೋಣೆ, ಏಳು ಮಕ್ಕಳು, ನಾನು.

"ಸೂರ್ಯ ಹುಟ್ಟಿದ್ದು ನಾಲ್ಕನೇ ದಿನವಾದರೆ
ಮೊದಲ ಮೂರು ದಿನ ಎಣಿಸಿದ್ದು ಹೇಗೆ, ಸರ್?"
ಪ್ರಿಸಿಲ್ಲಾ ಐಮನ್, ಒಂಬತ್ತು ವರ್ಷ.

ನನಗೆ ರಾತ್ರಿಪಾಳಿಯ ನಿದ್ದೆಗಣ್ಣು.
ಬುರ್ಗಾನಿನ ಆಳದಿಂದೆತ್ತಿದ ಕಲ್ಲಿನ ದಿಂಡಿಗೆ
ಬೆಳಗಿನ ಜಾವ ನಾನೇ ಚೀಟಿ ಅಂಟಿಸಿದ್ದೆ:
ಹತ್ತು ಕೋಟಿ ವರ್ಷ.
ಆ ಎಣ್ಣೆ ಇನ್ನೂ ಉಗುರಸಂದಿಯಲ್ಲಿ;
ಸೃಷ್ಟಿಯ ಪುಟ ತಿರುವಿದ್ದೇ
ಅಂಚಿನಲ್ಲೊಂದು ಕಪ್ಪು ಬೆರಳು ಕೂತಿತು.

"ಗೊತ್ತಿಲ್ಲ ಮಗೂ."
ಅವಳಿಗೆ ಸಾಲಲಿಲ್ಲ.

ಕಿಟಕಿಯಾಚೆ ನಡುಹಗಲಲ್ಲೂ ಅನಿಲದ ಜ್ವಾಲೆ—
ದಿನಗಳನ್ನು ಎಣಿಸುವವರೇ ಇಲ್ಲದಾಗ
ಕಡಲು ಕುಡಿದಿಟ್ಟ ಬಿಸಿಲು.

ಕೊನೆಯ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರು,
ಪ್ರಿಸಿಲ್ಲಾ ಮಾತ್ರ ಮುಚ್ಚಲಿಲ್ಲ.
ಬಯ್ಯಬೇಕೆನಿಸಿತು.
ಆದರೆ ನಾನು ನೋಡಿದ್ದು ಅವಳಿಗೂ ಕಂಡಿತ್ತು.