ಹಸಿ ಹುಲ್ಲು

ಮಾಲ್ದಾರೆಯಿಂದ ತಿತಿಮತಿಯ ತನಕ
ಹದಿನೆಂಟು ತೋಟದ ಬೇಲಿ ನನ್ನ ಕೈಕೆಳಗೆ.
ಸೋಲಾರ್ ಹಲಗೆ, ಬ್ಯಾಟರಿ, ಗೋಡೆಗೊಂದು ಡಬ್ಬಿ.
ಆನೆಗೆ ಅದು ಹೇಳುವುದು ಒಂದೇ ಮಾತು: ಟಿಕ್.
ಸೆಕೆಂಡಿಗೊಮ್ಮೆ, ಹಗಲೂ ರಾತ್ರಿಯೂ.
ಇಪ್ಪತ್ತೆರಡು ವರ್ಷದಿಂದ ಆ ಟಿಕ್ಕಿನ ಆಳು ನಾನು.

ಮೀಟರು ಕೆಟ್ಟ ದಿನ ಹಳೆಯ ಉಪಾಯ:
ಹಸಿ ಹುಲ್ಲುಕಡ್ಡಿಯೊಂದನ್ನು ಕಿತ್ತು
ತುದಿಯನ್ನು ತಂತಿಗೆ ತಾಗಿಸಿ
ಮೆಲ್ಲಗೆ, ಮೆಲ್ಲಗೆ ಮುಂದಕ್ಕೆ ಸರಿಸುವುದು.
ಬೆರಳ ಸಂದಿಗೆ ಇರುವೆ ಕಚ್ಚಿದಂತಾದರೆ
ಬೇಲಿಗೆ ಜೀವವಿದೆ.
ಸೈದಲವಿ ಪ್ರತಿ ಸಲ ನಗುತ್ತಾನೆ:
"ಏನು ಪಂಡಿತರೇ, ನಾಡಿ ಹೇಗಿದೆ?"

ವಿರಾಜಪೇಟೆಯಲ್ಲಿ ಡಾಕ್ಟರ್ ದೇಚಮ್ಮ
ನನ್ನ ಮಣಿಕಟ್ಟು ಹಿಡಿದು ತುಂಬ ಹೊತ್ತು ಸುಮ್ಮನಿದ್ದರು.
ಆಮೇಲೆ ಕಾಗದದ ಮೇಲೆ ಗೆರೆ ಬಂತು.
ಬೆಟ್ಟಗಳೇನೋ ಇದ್ದವು,
ಎರಡು ಒತ್ತೊತ್ತಾಗಿ, ಒಂದು ಎಲ್ಲೋ ದೂರ, ಮತ್ತೆ ಮೂರು,
ಸರ್ವೆ ಕಲ್ಲು ಕಿತ್ತುಹೋದ ಜಮೀನಿನ ಹಾಗೆ.
ಪ್ರತಿ ಬೆಟ್ಟಕ್ಕೂ ಮುಂಚೆ ಇರಬೇಕಾದ ಪುಟ್ಟ ದಿಬ್ಬ ಮಾತ್ರ
ಎಲ್ಲಿಯೂ ಇಲ್ಲ.
ಅಲ್ಲಿ ಬರೀ ನಡುಕ. ಕೆರೆಗೆ ಗಾಳಿ ಬಿದ್ದಂತೆ.

ಹೃತ್ಕರ್ಣ, ಎಂದರು.
ಹೃದಯಕ್ಕೂ ಕಿವಿಗಳಿವೆ ಎಂದು ನನಗೆ ಗೊತ್ತಾದದ್ದು
ಐವತ್ತೊಂಬತ್ತನೆಯ ವಯಸ್ಸಿನಲ್ಲಿ.
ಎಡಗಿವಿ ಊದಿದೆ: ನಲವತ್ತೆಂಟು ಮಿಲಿಮೀಟರು.
ಮೈಸೂರಿನ ದೊಡ್ಡ ಮೆಷಿನ್ನು ಬೂದು ಚಿತ್ರದಲ್ಲಿ ತೋರಿಸಿತು
ಮಾಂಸದ ಎಳೆ ಎಳೆಯ ನಡುವೆ
ಬೆಳ್ಳಗೆ, ಮಿಡಿಯದೆ, ಸುಮ್ಮನೆ ಕೂತಿರುವ
ನಾರು.

ನಾರು.
ಅವ್ವ ಬಾಳೆನಾರು ನೆನೆಹಾಕಿ ಹೂ ಕಟ್ಟುವಾಗ
ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದೆ ಅನ್ನುತ್ತಿದ್ದಳು.
ನಾರು ಹೆಚ್ಚಾಗಿ ಹೂ ಕಡಿಮೆಯಾದರೆ
ಮಾಲೆ ಎಲ್ಲಿಗೆ ಹೋಗುತ್ತದೆ, ಅವಳು ಹೇಳಲಿಲ್ಲ.

ಹತ್ತು ವರ್ಷದಿಂದ ಬಿ.ಪಿ. ಇತ್ತು.
ಮಾತ್ರೆಯೂ ಇತ್ತು, ಜೀಪಿನ ಡ್ಯಾಶ್‌ಬೋರ್ಡಿನಲ್ಲಿ.

ನನಗಿದು ಅರ್ಥವಾಗದ ಸಂಗತಿಯಲ್ಲ.
ಆಷಾಢದಲ್ಲಿ ಒಂದು ವಾರ ಕತ್ತಿ ಆಡಿಸದಿದ್ದರೆ
ಲಂಟಾನ ತಂತಿಯ ಹೆಗಲಿಗೆ ಕೈ ಹಾಕುತ್ತದೆ.
ಕರೆಂಟು ನೆಲಕ್ಕೆ ಸೋರುತ್ತದೆ,
ಇಲ್ಲಿ ಸತ್ತು ಅಲ್ಲಿ ಏಳುತ್ತದೆ.
ಬಳ್ಳಿಯ ತಪ್ಪಲ್ಲ ಅದು. ಬಳ್ಳಿ ಬೆಳೆಯುತ್ತದೆ, ಅಷ್ಟೇ.

"ಮೊದಲು ಯಾವುದು, ನಡುಕದಿಂದ ನಾರೋ,
ನಾರಿನಿಂದ ನಡುಕವೋ?"
"ಎರಡೂ," ಎಂದರು. "ಒಂದು ಇನ್ನೊಂದನ್ನು ಸಾಕುತ್ತದೆ."
ಸರಿ. ಆನೆ ನಡೆದದ್ದೇ ದಾರಿ,
ದಾರಿ ಇದೆಯೆಂದೇ ಮತ್ತೆ ಆನೆ.

ಶ್ವಾಸಕೋಶದಿಂದ ಬರುವ ನಾಲ್ಕು ನಾಳಗಳ ಬಾಯಲ್ಲಿ
ಕಳ್ಳಕಿಡಿ ಹುಟ್ಟುತ್ತದಂತೆ.
ತೊಡೆಯ ನರದಿಂದ ತಂತಿ ತೂರಿಸಿ
ಆ ಬಾಯಿಗಳ ಸುತ್ತ ಚುಕ್ಕಿ ಚುಕ್ಕಿ ಸುಟ್ಟು
ಗಾಯದ ಬೇಲಿ ಹಾಕುತ್ತಾರಂತೆ.
ಗಾಯದ ಬೇಲಿ!
ಎಷ್ಟು ವರ್ಷ ಗ್ಯಾರಂಟಿ ಎಂದು ಕೇಳಿದೆ.
"ನಿಮ್ಮ ಬೇಲಿಗೆ ನೀವು ಎಷ್ಟು ಕೊಡುತ್ತೀರಿ, ಪಳಂಗಪ್ಪ?"

ಚೆನ್ನಂಗಿಯ ಆ ಒಂಟಿಗ ನೆನಪಾದ.
ದಂತಕ್ಕೆ ಶಾಕು ಹತ್ತುವುದಿಲ್ಲವೆಂದು ಅವನಿಗೆ ಗೊತ್ತು.
ತಂತಿಯನ್ನು ದಂತದಿಂದ ಒತ್ತಿ ಹಿಡಿದು
ಮದುವೆಮನೆಗೆ ಬಂದ ನೆಂಟನಂತೆ ದಾಟುತ್ತಾನೆ.
ನಾನು ಬಾಯಿ ಮುಚ್ಚಿಕೊಂಡೆ.

ಸದ್ಯಕ್ಕೆ ರಕ್ತ ತೆಳುಮಾಡುವ ಗುಳಿಗೆ, ದಿನಕ್ಕೆರಡು.
ಕಿವಿಯ ಮೂಲೆಯಲ್ಲಿ ನಿಂತ ರಕ್ತ
ಹೆಪ್ಪಾಗಿ ತಲೆಗೇರಬಾರದಲ್ಲ.
ಕತ್ತಿ ಹಿಡಿಯುವಾಗ ಎಚ್ಚರ, ಎಂದಿದ್ದಾರೆ.
ಕತ್ತಿ ಹಿಡಿಯದೆ ಬೇಲಿ ಕಾಯುವುದು ಹೇಗೆ?
ಅದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ರಾತ್ರಿ ಬೋಜಮ್ಮ ಎದೆಗೆ ಕಿವಿಯಿಟ್ಟು ಕೇಳುತ್ತಾಳೆ.
"ಪಾಲಿಬೆಟ್ಟದ ಏರಿನಲ್ಲಿ ನಿಮ್ಮ ಜೀಪು," ಅನ್ನುತ್ತಾಳೆ.
ನಗು ಬರುತ್ತದೆ. ನಗುವಾಗ ಇನ್ನೂ ತಪ್ಪುತ್ತದೆ.
ಅವಳು ನಿದ್ದೆಹೋದ ಮೇಲೆ
ಗೋಡೆಯ ಡಬ್ಬಿಯೊಂದೇ ಎಚ್ಚರ:
ಟಿಕ್. ಟಿಕ್. ಟಿಕ್.
ನಾನು ಅದರ ಜೊತೆ ಹೆಜ್ಜೆ ಹಾಕಲು ನೋಡುತ್ತೇನೆ.
ನಾಲ್ಕು ಹೆಜ್ಜೆ ಸರಿಯಾಗಿ ಬಂದ ದಿನವೂ ಉಂಟು.

ಇಂದು ಬೆಳಿಗ್ಗೆ ಮೀಟರು ಮರೆತು ಹೋಗಿದ್ದೆ.
ಬಗ್ಗಿ ಹುಲ್ಲು ಕಿತ್ತು ತಂತಿಗೆ ಹಿಡಿದೆ.
ಏನೂ ಬರಲಿಲ್ಲ.
ಎದೆ ಒಂದು ಬಡಿತ ತಪ್ಪಿಸಿತು, ಅಥವಾ ಎರಡು.
ಸೈದಲವಿ ನನ್ನ ಕೈಯಿಂದ ಕಡ್ಡಿ ಕಿತ್ತುಕೊಂಡು
ಮುರಿದು ತೋರಿಸಿದ.
ಒಣಗಿದ್ದು. ಬರೀ ನಾರು.

"ಬೇಲಿ ಸರಿಯಿದೆ," ಎಂದ.
"ಹಸಿಯದ್ದು ಹುಡುಕಿ."